ಯಾವ ಔಷಧಿ ಎಂದು ಕೇಳುವ ಮೊದಲು: ಹಣ್ಣಿನ ತೋಟದ ನಂಜುರೋಗಗಳು ಮತ್ತು ಅವನ್ನು ಹೊತ್ತು ತರುವ ಕೀಟಗಳು

ಎಲ್ಲರಿಗೂ ನಮಸ್ಕಾರ.

ಹಣ್ಣಿನ ಬೆಳೆಗಳ ನಂಜುರೋಗದ, ಅಂದರೆ ವೈರಸ್ ತರುವ ರೋಗದ, ಬಗ್ಗೆ ಎಲ್ಲಿ ಮಾತು ಶುರುವಾದರೂ ಮೊದಲು ಬರುವ ಪ್ರಶ್ನೆ ಒಂದೇ: "ಯಾವ ಔಷಧಿ ಹೊಡೆಯಬೇಕು?" ಹೀಗೆ ಕೇಳುವುದು ಸಹಜ. ಎಲೆಗೆ ಬೂದಿರೋಗ ಬಂದರೆ ಔಷಧಿ ಇದೆ, ಕಾಯಿಗೆ ಹುಳ ಬಿದ್ದರೆ ಔಷಧಿ ಇದೆ. ಇದಕ್ಕೂ ಏನಾದರೂ ಇರಲೇಬೇಕು ಅಂತ ಯಾರಿಗಾದರೂ ಅನಿಸುತ್ತದೆ, ಅಲ್ವಾ? ಆದರೆ ವೈರಸ್ ಹೊಕ್ಕ ಗಿಡವನ್ನು ತೋಟದಲ್ಲಿ ನಿಂತ ಜಾಗದಲ್ಲೇ ಗುಣಪಡಿಸುವ ಔಷಧಿ ಇವತ್ತಿನವರೆಗೆ ಬಂದಿಲ್ಲ. ವೈರಸ್ ಗಿಡದ ಜೀವಕೋಶದ ಒಳಗೆ ಕೂತು, ಆ ಕೋಶ ತನಗಾಗಿ ಮಾಡಿಕೊಂಡ ಏರ್ಪಾಡನ್ನೇ ಬಳಸಿಕೊಂಡು ತನ್ನ ಸಂಖ್ಯೆ ಹೆಚ್ಚಿಸಿಕೊಳ್ಳುತ್ತದೆ. ಕೋಶಕ್ಕೆ ತೊಂದರೆ ಮಾಡದೆ ಅದನ್ನು ಮಾತ್ರ ಕೊಲ್ಲುವುದು ಬಹಳ ಕಷ್ಟ.

ಹಾಗಾಗಿ ಇವತ್ತು ನಾನು ಬೇರೆ ಪ್ರಶ್ನೆಗಳನ್ನು ನಿಮ್ಮ ಮುಂದಿಡುತ್ತೇನೆ. ಈ ರೋಗವನ್ನು ತರುವ ಕೀಟ ಯಾವುದು? ರೋಗದ ಗಿಡದಿಂದ ವೈರಸ್ ಎತ್ತಿಕೊಳ್ಳಲು ಅದಕ್ಕೆ ಎಷ್ಟು ಹೊತ್ತು ಬೇಕು? ಇನ್ನೊಂದು ಗಿಡಕ್ಕೆ ದಾಟಿಸಲು ಎಷ್ಟು ಹೊತ್ತು? ಎತ್ತಿಕೊಂಡದ್ದು ಅದರ ಮೈಯಲ್ಲಿ ಎಷ್ಟು ಕಾಲ ಉಳಿಯುತ್ತದೆ? ಈ ಲೆಕ್ಕ ಒಮ್ಮೆ ಗೊತ್ತಾದರೆ ಯಾವ ಕೆಲಸಕ್ಕೆ ದುಡ್ಡು ಹಾಕಬೇಕು, ಯಾವುದಕ್ಕೆ ಹಾಕಿದರೆ ನೀರುಪಾಲು ಅನ್ನುವುದು ತಾನಾಗಿಯೇ ತಿಳಿಯುತ್ತದೆ. ಕೀಟಗಳು ರೋಗ ಹರಡುವ ರೀತಿ ಎಲ್ಲ ಬೆಳೆಯಲ್ಲೂ ಒಂದೇ ಅಲ್ಲ. ಪರಂಗಿಗೆ ಒಂದು ರೀತಿ, ಬಾಳೆಗೆ ಇನ್ನೊಂದು, ಕಿತ್ತಳೆಗೆ ಮತ್ತೊಂದು. ಒಂದೊಂದಾಗಿ ನೋಡೋಣ.

ಪರಂಗಿ: ಒಂದು ನಿಮಿಷದ ಆಟ

ಪರಂಗಿ ಬೆಳೆದವರಿಗೆ ಉಂಗುರ ಚುಕ್ಕೆ ರೋಗ ಗೊತ್ತಿರುತ್ತದೆ. ತುದಿಯ ಎಲೆಗಳು ಹಳದಿ-ಹಸಿರು ಮಚ್ಚೆಯಾಗುತ್ತವೆ. ಎಲೆ ತೊಟ್ಟಿನ ಮೇಲೆ, ಎಳೆ ಕಾಂಡದ ಮೇಲೆ ಎಣ್ಣೆ ಸವರಿದಂಥ ಕಡುಹಸಿರು ಗೆರೆಗಳು ಕಾಣುತ್ತವೆ. ರೋಗ ಜೋರಾದಾಗ ಎಲೆ ಅಗಲ ಕಳೆದುಕೊಂಡು ದಾರದ ಹಾಗೆ ಆಗುತ್ತದೆ. ಕಾಯಿಯ ಮೇಲೆ ಉಂಗುರಗಳು ಮೂಡುತ್ತವೆ. ಎಳೆಯ ಗಿಡಕ್ಕೆ ಬಂದರೆ ಕಾಯಿಯೇ ಕಟ್ಟದೆ ಹೋಗಬಹುದು.

ಇದನ್ನು ಹರಡುವುದು ಗಿಡಹೇನು. ವಿಚಿತ್ರ ಏನೆಂದರೆ, ರೋಗ ತುಂಬಿದ ಪರಂಗಿ ತೋಟಕ್ಕೆ ಹೋಗಿ ಎಲೆ ತಿರುಗಿಸಿ ನೋಡಿದರೆ ಗಿಡಹೇನಿನ ಹಿಂಡು ಸಿಗುವುದೇ ಇಲ್ಲ. ಯಾಕೆಂದರೆ ಈ ರೋಗ ತರುವ ಗಿಡಹೇನುಗಳಿಗೆ ಪರಂಗಿ ಮನೆಯಲ್ಲ. ಅವು ಬೇರೆ ಬೆಳೆಯಲ್ಲೋ ಕಳೆಯಲ್ಲೋ ಹುಟ್ಟಿ, ರೆಕ್ಕೆ ಬಂದ ಮೇಲೆ ಆಹಾರ ಹುಡುಕುತ್ತಾ ಹಾರುತ್ತವೆ. ದಾರಿಯಲ್ಲಿ ಪರಂಗಿ ಎಲೆಯ ಮೇಲೆ ಇಳಿಯುತ್ತವೆ. ಇದು ನನಗೆ ಬೇಕಾದ ಗಿಡವೋ ಅಲ್ಲವೋ ಎಂದು ತಿಳಿಯಲು ಸೂಜಿಯಂಥ ಬಾಯಿಂದ ಎಲೆಯ ಮೇಲ್ಪದರವನ್ನು ಒಂದು ಸಲ ಚುಚ್ಚಿ ನೋಡುತ್ತವೆ. ರುಚಿಸದೆ ಎದ್ದು ಪಕ್ಕದ ಗಿಡಕ್ಕೆ ಹಾರುತ್ತವೆ. ಅಲ್ಲೂ ಒಂದು ಚುಚ್ಚು. ಅಷ್ಟರಲ್ಲಿ ವೈರಸ್ ದಾಟಿ ಆಗಿರುತ್ತದೆ. ಎತ್ತಿಕೊಳ್ಳಲು ಕೆಲವು ಸೆಕೆಂಡು, ದಾಟಿಸಲು ಕೆಲವು ಸೆಕೆಂಡು. ವೈರಸ್ ಅದರ ಬಾಯಿಯ ತುದಿಗೆ ಅಂಟಿಕೊಂಡಿರುತ್ತದೆ, ಅಷ್ಟೇ. ಹೊಟ್ಟೆಗೂ ಹೋಗುವುದಿಲ್ಲ, ಬಹಳ ಹೊತ್ತು ಉಳಿಯುವುದೂ ಇಲ್ಲ.

ಈಗ ಕೀಟನಾಶಕದ ವಿಷಯಕ್ಕೆ ಬನ್ನಿ. ಎಷ್ಟೇ ಚುರುಕಿನ ಔಷಧಿಯಾದರೂ ಹೇನು ಸಾಯಲು ನಿಮಿಷಗಳೋ ಗಂಟೆಗಳೋ ಬೇಕು. ರೋಗ ದಾಟಲು ಅಷ್ಟು ಬೇಕಿಲ್ಲ. ಹೇನು ಖಂಡಿತ ಸಾಯುತ್ತದೆ, ಆದರೆ ಕೆಲಸ ಮುಗಿಸಿ ಸಾಯುತ್ತದೆ. ಇನ್ನೂ ಒಂದು ತೊಂದರೆ ಇದೆ. ಕೆಲವು ಕೀಟನಾಶಕಗಳು ಹೇನನ್ನು ಕೊಲ್ಲುವ ಮೊದಲು ಕೆರಳಿಸುತ್ತವೆ. ಒಂದು ಕಡೆ ಕೂರದೆ ಗಿಡದಿಂದ ಗಿಡಕ್ಕೆ ಓಡಾಡುವ ಹಾಗೆ ಮಾಡುತ್ತವೆ. ಆಗ ರೋಗ ಕಡಿಮೆಯಾಗುವ ಬದಲು ಜಾಸ್ತಿಯೂ ಆಗಬಹುದು. ಪರಂಗಿಯ ಈ ರೋಗಕ್ಕೆ ವಾರ ವಾರ ಕೀಟನಾಶಕ ಹೊಡೆಯುವುದು ನನ್ನ ಪ್ರಕಾರ ದುಡ್ಡಿಗೂ ದಂಡ, ಮಣ್ಣಿಗೂ ದಂಡ, ಹೊಡೆಯುವವರ ಆರೋಗ್ಯಕ್ಕೂ ದಂಡ. ಇದನ್ನು ನಾನು ತುಂಬ ಖಚಿತವಾಗಿ ಹೇಳುತ್ತೇನೆ.

ಹಾಗಾದರೆ ಏನು ಮಾಡಬೇಕು? ಆ ಸೆಕೆಂಡುಗಳನ್ನೇ ಕೆಡಿಸಬೇಕು. ಖನಿಜ ಎಣ್ಣೆಯನ್ನು ನೀರಿನಲ್ಲಿ ತೆಳುವಾಗಿ ಬೆರೆಸಿ ಎಲೆಗೆ ಸಿಂಪಡಿಸಿದರೆ, ಹೇನು ಚುಚ್ಚಿದರೂ ವೈರಸ್ ಸರಿಯಾಗಿ ದಾಟುವುದಿಲ್ಲ ಎಂದು 1960ರ ದಶಕದಲ್ಲೇ ಗೊತ್ತಾಯಿತು. ಹೊಸ ಎಲೆ ಬಂದ ಹಾಗೆಲ್ಲ ಮತ್ತೆ ಹೊಡೆಯಬೇಕು, ಬಿಸಿಲು ಜೋರಾಗಿದ್ದಾಗ ಎಲೆ ಸುಡದ ಹಾಗೆ ನೋಡಿಕೊಳ್ಳಬೇಕು. ಇನ್ನೊಂದು ಉಪಾಯ ಅಂಚಿನ ಬೆಳೆ. ಪರಂಗಿ ನೆಡುವ ಮೊದಲೇ ಸುತ್ತ ಒತ್ತಾಗಿ ಜೋಳವನ್ನೋ ಮೆಕ್ಕೆಜೋಳವನ್ನೋ ಎತ್ತರಕ್ಕೆ ಬೆಳೆಸಿದರೆ, ಹಾರಿ ಬರುವ ಹೇನು ಮೊದಲು ಅಲ್ಲಿ ಇಳಿಯುತ್ತದೆ. ಅಲ್ಲಿ ನಾಲ್ಕು ಸಲ ಚುಚ್ಚಿದರೆ ಬಾಯಿಗೆ ಅಂಟಿದ ವೈರಸ್ ಅಲ್ಲೇ ಒರೆಸಿ ಹೋಗುತ್ತದೆ. ಮೆಕ್ಕೆಜೋಳಕ್ಕೆ ಆ ವೈರಸ್ ಏನೂ ಮಾಡುವುದಿಲ್ಲ. ಬೆಳ್ಳಿಬಣ್ಣದ ಪ್ಲಾಸ್ಟಿಕ್ ಹೊದಿಕೆಯ ಹೊಳಪಿಗೆ ಹೇನುಗಳು ಇಳಿಯಲು ಹಿಂಜರಿಯುತ್ತವೆ. ಗಿಡ ಚಿಕ್ಕದಿದ್ದಾಗ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಗಿಡದ ನೆರಳು ಹೊದಿಕೆಯನ್ನು ಮುಚ್ಚಿದ ಮೇಲೆ ಇಲ್ಲ.

ಇವೆಲ್ಲ ರೋಗವನ್ನು ತಡಮಾಡಿಸುತ್ತವೆ, ಪೂರ್ತಿ ನಿಲ್ಲಿಸುವುದಿಲ್ಲ. ಆದರೆ ಪರಂಗಿಯಲ್ಲಿ ತಡಮಾಡಿಸುವುದೇ ದೊಡ್ಡ ಗೆಲುವು. ಮೂರನೇ ತಿಂಗಳಲ್ಲಿ ಬರುವ ರೋಗ ಒಂಬತ್ತನೇ ತಿಂಗಳಲ್ಲಿ ಬಂದರೆ ಅಷ್ಟರಲ್ಲಿ ಕಾಯಿ ಕಟ್ಟಿರುತ್ತದೆ. ಈ ವೈರಸ್ ಬೀಜದಲ್ಲಿ ಬರುವುದಿಲ್ಲ ಎನ್ನುವುದು ನಮ್ಮ ಪಾಲಿನ ಅದೃಷ್ಟ. ಸಸಿಗಳನ್ನು ಹೇನು ನುಸುಳದ ಸಣ್ಣ ಕಣ್ಣಿನ ಬಲೆಯೊಳಗೆ ಬೆಳೆಸಿದರೆ ಶುರುವಿಗಂತೂ ಆರೋಗ್ಯದ ಗಿಡ ಕೈಗೆ ಸಿಗುತ್ತದೆ. ತೈವಾನಿನಲ್ಲಿ ಇಡೀ ಪರಂಗಿ ತೋಟವನ್ನೇ ಬಲೆಮನೆಯೊಳಗೆ ಬೆಳೆಸುವ ಪದ್ಧತಿ ಬೆಳೆದದ್ದು ಇದೇ ವೈರಸ್ಸಿನ ಕಾಟಕ್ಕೆ.

ರೋಗದ ಹಳೆಯ ತೋಟದ ಪಕ್ಕದಲ್ಲೇ ಹೊಸ ಸಸಿ ನೆಡಬೇಡಿ. ದಯವಿಟ್ಟು ನೆಡಬೇಡಿ. ಹಳೆಯ ತೋಟದಲ್ಲಿ ಇನ್ನೂ ನಾಲ್ಕು ಕಾಯಿ ಸಿಗುತ್ತದೆ ಎಂದು ಬಿಟ್ಟುಕೊಂಡು, ಬದುವಿನ ಈಚೆ ಹೊಸದು ಹಾಕಿದರೆ ಆ ಹೊಸ ತೋಟಕ್ಕೆ ಉಳಿಗಾಲವಿಲ್ಲ.

ಹವಾಯಿ ಕಲಿಸಿದ್ದು

ಪರಂಗಿಯ ಮಾತು ಬಂದಾಗ ಅಮೆರಿಕದ ದ್ವೀಪರಾಜ್ಯ ಹವಾಯಿಯ ಕಥೆ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ. ಅಲ್ಲಿ ಒವಾಹು ದ್ವೀಪದ ಪರಂಗಿ ಬೇಸಾಯವನ್ನು ಈ ವೈರಸ್ 1950ರ ದಶಕದಲ್ಲಿ ಹಾಳುಮಾಡಿತು. ಬೆಳೆಗಾರರು ಹವಾಯಿ ಎಂದೇ ಹೆಸರಿರುವ ದೊಡ್ಡ ದ್ವೀಪಕ್ಕೆ ಹೋದರು. ಅಲ್ಲಿನ ಪುನಾ ಎಂಬ ಪ್ರದೇಶದಲ್ಲಿ ವೈರಸ್ ಇರಲಿಲ್ಲ. ಮೂರು ದಶಕ ಚೆನ್ನಾಗಿ ನಡೆಯಿತು. ವೈರಸ್ ಕೆಲವೇ ಮೈಲಿ ದೂರದಲ್ಲಿದ್ದರೂ, ಮನೆ ಹಿತ್ತಲಿನ ರೋಗದ ಗಿಡಗಳನ್ನು ಹುಡುಕಿ ಹುಡುಕಿ ಕಡಿದು ಅದನ್ನು ತಡೆದಿಟ್ಟಿದ್ದರು. 1992ರಲ್ಲಿ ಅದು ಪುನಾಗೆ ಬಂದೇ ಬಿಟ್ಟಿತು. ಆ ವರ್ಷ ಪುನಾದ ಬೆಳೆ ಸುಮಾರು 5.3 ಕೋಟಿ ಪೌಂಡ್ ಇತ್ತು. 1998ರ ಹೊತ್ತಿಗೆ ಅರ್ಧಕ್ಕೆ ಇಳಿಯಿತು.

ಅಲ್ಲಿ ಒಂದು ಒಳ್ಳೆಯ ಕೆಲಸ ನಡೆದಿತ್ತು. ಡೆನ್ನಿಸ್ ಗೊನ್ಸಾಲ್ವೆಸ್ ಎಂಬ ಸಸ್ಯರೋಗ ವಿಜ್ಞಾನಿ, ಅವರೂ ಹವಾಯಿಯಲ್ಲೇ ಹುಟ್ಟಿದವರು, ರೋಗ ಪುನಾಗೆ ಬರುವ ಮೊದಲೇ ತಮ್ಮ ತಂಡದ ಜೊತೆ ಕೆಲಸ ಶುರುಮಾಡಿದ್ದರು. ವೈರಸ್ಸಿನ ಹೊರಕವಚದ ಒಂದು ಜೀನನ್ನು ಪರಂಗಿಗೆ ಸೇರಿಸಿದರು. ಆ ಗಿಡ ವೈರಸ್ಸನ್ನು ಗುರುತಿಸಿ ಅದರ ತಳಿಗುಣದ ವಸ್ತುವಾದ ಆರ್‌ಎನ್‌ಎಯನ್ನು ತುಂಡುಮಾಡಲು ಕಲಿಯಿತು. ಹೀಗೆ ಬಂದ ಸನ್‌ಅಪ್ ಮತ್ತು ರೇನ್‌ಬೋ ಎಂಬ ತಳಿಗಳು 1998ರಲ್ಲಿ ಬೆಳೆಗಾರರ ಕೈಸೇರಿದವು. ಪುನಾದ ಪರಂಗಿ ಉಳಿಯಿತು.

ಹೀಗೆ ಹೊರಗಿನ ಜೀನ್ ಸೇರಿಸಿದ ಕುಲಾಂತರಿ ಬೆಳೆಯ ಬಗ್ಗೆ ಜನರಲ್ಲಿ ಭಿನ್ನಾಭಿಪ್ರಾಯ ಇದೆ, ಅದು ನನಗೆ ಗೊತ್ತು. ಅದರ ಪರವಾಗಿಯೋ ವಿರುದ್ಧವಾಗಿಯೋ ವಾದ ಮಾಡಲು ನಾನಿಲ್ಲಿ ಬಂದಿಲ್ಲ. ಆದರೆ ಈ ಕಥೆಯಲ್ಲಿ ಎರಡು ವಿಷಯ ಗಮನಿಸಿ. ಮೊದಲನೆಯದು, ಆ ಶಕ್ತಿ ಹವಾಯಿಯ ವೈರಸ್ಸಿಗೆ ತಕ್ಕದ್ದು. ಜೀನಿನ ಹೋಲಿಕೆ ಕಡಿಮೆಯಾದಷ್ಟೂ ತಡೆಯುವ ಶಕ್ತಿಯೂ ಕಡಿಮೆ. ಏಷ್ಯಾದ ಕೆಲವು ವೈರಸ್ ಬಗೆಗಳ ಎದುರು ರೇನ್‌ಬೋ ನಿಲ್ಲಲಿಲ್ಲ. ಒಂದು ಕಡೆ ಗೆದ್ದ ತಳಿ ಇನ್ನೊಂದು ಕಡೆ ಹಾಗೇ ಗೆಲ್ಲುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಎರಡನೆಯದು ನನಗೆ ಇನ್ನೂ ಮುಖ್ಯ ಅನಿಸುತ್ತದೆ. ರೇನ್‌ಬೋ ಬಂದ ಮೇಲೆ ಅದರ ನಡುವೆ ಮಾಮೂಲಿ ಪರಂಗಿಯನ್ನೂ ಬೆಳೆಯಲು ಸಾಧ್ಯವಾಯಿತು. ಯಾಕೆ? ಸುತ್ತಮುತ್ತ ರೋಗದ ಗಿಡಗಳೇ ಕಡಿಮೆಯಾದವು. ಹೇನುಗಳು ಮೊದಲಿನಷ್ಟೇ ಇದ್ದವು, ಆದರೆ ಅವು ಎತ್ತಿಕೊಂಡು ಬರಲು ವೈರಸ್ ಇರಲಿಲ್ಲ. ರೋಗದ ಮೂಲವನ್ನು ಕಡಿಮೆ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಬಾಳೆ: ಗಂಟೆಗಳ ಲೆಕ್ಕ

ಬಾಳೆಯ ಬಂಚಿ ಟಾಪ್ ರೋಗದಲ್ಲಿ ಹೊಸ ಎಲೆಗಳು ಚಿಕ್ಕದಾಗಿ, ನೆಟ್ಟಗೆ, ಒತ್ತೊತ್ತಾಗಿ ತುದಿಯಲ್ಲಿ ಗುಚ್ಛದ ಹಾಗೆ ನಿಲ್ಲುತ್ತವೆ. ಆದರೆ ಅಷ್ಟಾಗುವವರೆಗೆ ಕಾಯಬಾರದು. ಅದಕ್ಕೂ ಮೊದಲೇ ಒಂದು ಗುರುತು ಸಿಗುತ್ತದೆ. ಎಳೆ ಎಲೆಯನ್ನು ಬೆಳಕಿಗೆ ಹಿಡಿದು ಹಿಂಬದಿಯಿಂದ ನೋಡಿ. ಸಣ್ಣ ನರಗಳ ಉದ್ದಕ್ಕೆ ಕಡುಹಸಿರು ಚುಕ್ಕೆ, ಗೀಟು, ಚುಕ್ಕೆ, ಗೀಟು ಕಾಣುತ್ತದೆ. ದಿಂಡಿನ ಹತ್ತಿರ ಎಲೆ ತೊಟ್ಟಿನ ಮೇಲೂ ಅದೇ ಗೆರೆ. ಇದನ್ನು ಒಮ್ಮೆ ಕಣ್ಣಾರೆ ಕಂಡವರು ಮತ್ತೆ ಮರೆಯುವುದಿಲ್ಲ. ತೋಟದಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರಿಗೂ ಇದನ್ನು ತೋರಿಸಿಕೊಡಿ. ತಜ್ಞರಿಗಿಂತ ಮೊದಲು ಅವರ ಕಣ್ಣಿಗೇ ಬೀಳುವುದು.

ಇಲ್ಲೂ ಹರಡುವುದು ಗಿಡಹೇನೇ. ಆದರೆ ಇದು ಬಾಳೆಯಲ್ಲೇ ಸಂಸಾರ ಹೂಡುವ ಕಪ್ಪುಗಂದು ಹೇನು. ಸುಳಿಯ ಸಂದಿಯಲ್ಲಿ, ಬುಡದ ಒಣ ಪಟ್ಟೆಗಳ ಒಳಗೆ, ಎಳೆ ಕಂದುಗಳ (ಬುಡದಿಂದ ಏಳುವ ಮರಿಗಿಡಗಳ) ಮೇಲೆ ಇರುತ್ತದೆ. ವೈರಸ್ ಎತ್ತಿಕೊಳ್ಳಲು ಅದು ಗಂಟೆಗಟ್ಟಲೆ ರಸ ಹೀರಬೇಕು. ಎತ್ತಿಕೊಂಡ ವೈರಸ್ ಹೇನಿನ ಕರುಳು ದಾಟಿ, ರಕ್ತಕ್ಕೆ ಸೇರಿ, ಜೊಲ್ಲಿನ ಗ್ರಂಥಿಗೆ ಬರುತ್ತದೆ. ಆಮೇಲೆ ಎರಡು ವಾರ, ಕೆಲವೊಮ್ಮೆ ಅದಕ್ಕೂ ಜಾಸ್ತಿ, ಆ ಹೇನು ರೋಗ ಹರಡುತ್ತಲೇ ಇರುತ್ತದೆ.

ಪರಂಗಿಗೂ ಬಾಳೆಗೂ ಇರುವ ವ್ಯತ್ಯಾಸ ಇಲ್ಲಿದೆ. ಗಂಟೆಗಟ್ಟಲೆ ಕೂರುವ ಹೇನನ್ನು ಕೊಲ್ಲಲು ಸಮಯ ಸಿಗುತ್ತದೆ. ಆದ್ದರಿಂದ ಬಾಳೆಯಲ್ಲಿ ಕೀಟನಾಶಕಕ್ಕೆ ಒಂದು ಜಾಗ ಇದೆ, ಆದರೆ ಅದು ಚಿಕ್ಕ ಜಾಗ. ಇಡೀ ತೋಟಕ್ಕೆ ಹೊಡೆಯುವುದಕ್ಕಿಂತ, ರೋಗದ ಗಿಡಕ್ಕೂ ಅದರ ಅಕ್ಕಪಕ್ಕದ ಗಿಡಗಳಿಗೂ ಹೊಡೆಯುವುದು ಹೆಚ್ಚು ಉಪಯೋಗ. ಅದೂ ಕಡಿಯುವ ಮೊದಲು. ಈ ಕ್ರಮ ತಪ್ಪಬಾರದು. ಮೊದಲು ಗಿಡ ಕಡಿದರೆ ಅದು ಬಾಡುತ್ತದೆ, ಬಾಡಿದ ಗಿಡ ಬಿಟ್ಟು ಹೇನುಗಳೆಲ್ಲ ವೈರಸ್ ಹೊತ್ತುಕೊಂಡು ಪಕ್ಕದ ಗಿಡಗಳಿಗೆ ಹೋಗುತ್ತವೆ. ಮೊದಲು ಹೇನು ಸಾಯಬೇಕು, ಆಮೇಲೆ ಗಿಡ ಬೀಳಬೇಕು. ಬೀಳಿಸುವಾಗ ತಾಯಿಗಿಡ ಮಾತ್ರ ತೆಗೆದರೆ ಸಾಲದು. ವೈರಸ್ ಗಡ್ಡೆಯಲ್ಲಿದೆ, ಅದೇ ಗಡ್ಡೆಯಿಂದ ಬರುವ ಎಲ್ಲ ಕಂದುಗಳಲ್ಲೂ ಇದೆ. "ಈ ಕಂದು ಚೆನ್ನಾಗಿ ಕಾಣುತ್ತಿದೆ" ಎಂದು ಒಂದನ್ನು ಉಳಿಸಿದರೆ ರೋಗವನ್ನೇ ಉಳಿಸಿದ ಹಾಗೆ. ಗಡ್ಡೆ ಸಮೇತ ಅಗೆದು, ಚೂರು ಮಾಡಿ, ಮತ್ತೆ ಚಿಗುರದ ಹಾಗೆ ನೋಡಿಕೊಳ್ಳಬೇಕು.

ಇದೆಲ್ಲ ಹೇಳುವುದು ಸುಲಭ, ನಿಜವಾಗಿ ನಡೆಯುತ್ತದೆಯೇ? ನಡೆದಿದೆ. ಆಸ್ಟ್ರೇಲಿಯಾಕ್ಕೆ ಈ ರೋಗ 1913ರ ಸುಮಾರಿಗೆ ಫಿಜಿಯಿಂದ ಬಂದ ಬಾಳೆ ಕಂದುಗಳ ಜೊತೆ ಬಂತು. 1920ರ ದಶಕದ ಮಧ್ಯದ ಹೊತ್ತಿಗೆ ನ್ಯೂ ಸೌತ್ ವೇಲ್ಸ್‌ನ ಉತ್ತರ ಭಾಗ ಮತ್ತು ಕ್ವೀನ್ಸ್‌ಲ್ಯಾಂಡಿನ ದಕ್ಷಿಣ ಭಾಗದ ಬಾಳೆ ತೋಟಗಳು ಹೆಚ್ಚುಕಡಿಮೆ ನಾಶವಾದವು. ಜನ ತೋಟ ಬಿಟ್ಟು ಹೋದರು. ಕಾರಣವೇ ಗೊತ್ತಿರಲಿಲ್ಲ. ಮಣ್ಣಿನ ದೋಷ ಇರಬಹುದೇ, ಶಿಲೀಂಧ್ರ ಇರಬಹುದೇ ಎಂದೆಲ್ಲ ಹುಡುಕಾಟ ನಡೆಯಿತು. ಮ್ಯಾಗೀ ಎಂಬ ಯುವ ವಿಜ್ಞಾನಿ ಇದು ವೈರಸ್, ಇದನ್ನು ಹರಡುವುದು ಬಾಳೆಯ ಹೇನು ಎಂದು ತೋರಿಸಿಕೊಟ್ಟರು. ಆಗ ಈಗಿನ ಕೀಟನಾಶಕಗಳು ಇರಲಿಲ್ಲ, ರೋಗ ತಡೆಯುವ ತಳಿಯೂ ಇರಲಿಲ್ಲ. ತಳಿ ಈಗಲೂ ಇಲ್ಲ ಎಂದೇ ಹೇಳಬೇಕು. ಅವರ ಕೈಯಲ್ಲಿದ್ದದ್ದು ಮೂರೇ ಕೆಲಸ: ಎಲ್ಲ ತೋಟಗಳನ್ನೂ ಮತ್ತೆ ಮತ್ತೆ ಪರೀಕ್ಷಿಸುವುದು, ರೋಗದ ಗಿಡ ಕಂಡ ತಕ್ಷಣ ಕಿತ್ತುಹಾಕುವುದು, ಆರೋಗ್ಯದ ತೋಟದಿಂದ ಮಾತ್ರ ಕಂದು ತರುವುದು. ಇದನ್ನು ಕಾನೂನು ಮಾಡಿ ಎಲ್ಲರಿಗೂ ಕಡ್ಡಾಯ ಮಾಡಿದರು. ಬೇಸಾಯ ಮತ್ತೆ ಎದ್ದುನಿಂತಿತು. ರೋಗ ಪೂರ್ತಿ ಹೋಗಲಿಲ್ಲ, ಆದರೆ ಇವತ್ತಿಗೂ ಅದೇ ದಾರಿಯಲ್ಲಿ ಅದನ್ನು ಹದ್ದುಬಸ್ತಿನಲ್ಲಿ ಇಟ್ಟಿದ್ದಾರೆ.

ಅಲ್ಲಿ ಮುಂದೆ ನಡೆದ ಅಧ್ಯಯನಗಳಲ್ಲಿ ಗೊತ್ತಾದ ಒಂದು ಲೆಕ್ಕ ನಿಮಗೆ ಉಪಯೋಗವಾಗುತ್ತದೆ. ಹೊಸದಾಗಿ ರೋಗ ಬಂದ ಗಿಡಗಳಲ್ಲಿ ಸುಮಾರು ಮೂರನೇ ಎರಡು ಪಾಲು, ಹಳೆಯ ರೋಗದ ಗಿಡದಿಂದ 20 ಮೀಟರಿನ ಒಳಗೇ ಇದ್ದವು. ಅಂದರೆ ಒಂದು ರೋಗದ ಗಿಡ ಸಿಕ್ಕಿದರೆ ಮುಂದಿನದನ್ನು ಎಲ್ಲಿ ಹುಡುಕಬೇಕು ಎಂದು ಗೊತ್ತಾಯಿತಲ್ಲ. ಬೆಚ್ಚಗಿನ ಕಾಲದಲ್ಲಿ ರೋಗ ಹೊಕ್ಕ ಮೂರ್ನಾಲ್ಕು ವಾರಕ್ಕೇ ಲಕ್ಷಣ ಕಾಣಬಹುದು, ಚಳಿಯಲ್ಲಿ ತಿಂಗಳುಗಳೇ ಹಿಡಿಯಬಹುದು. ಆದ್ದರಿಂದ ಗಿಡ ಬಿರುಸಾಗಿ ಎಲೆ ಬಿಡುವ ಕಾಲದಲ್ಲಿ ಎರಡು ಮೂರು ವಾರಕ್ಕೊಮ್ಮೆ ತೋಟ ಸುತ್ತಲೇಬೇಕು.

ಕಿತ್ತಳೆ, ಮೋಸಂಬಿ, ನಿಂಬೆ

ಈ ಜಾತಿಯ ಹಣ್ಣುಗಳನ್ನು ಎರಡು ದೊಡ್ಡ ರೋಗಗಳು ಕಾಡಿವೆ. ಟ್ರಿಸ್ಟೆಜಾ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಇದು ಹೇನಿನಿಂದ ಹರಡುವ ವೈರಸ್. 1930ರ ದಶಕದಿಂದ ಅರ್ಜೆಂಟೀನಾ, ಬ್ರೆಜಿಲ್‌ಗಳಲ್ಲಿ ಕೋಟಿಗಟ್ಟಲೆ ಮರ ಬಲಿಯಾದವು. ಸತ್ತ ಮರಗಳಲ್ಲಿ ಹೆಚ್ಚಿನವು ಹುಳಿಕಿತ್ತಳೆಯ ಬೇರುಸಸಿಯ ಮೇಲೆ ಕಸಿ ಮಾಡಿದವು. ಬೇರುಸಸಿ ಬದಲಾಯಿಸಿದ ಮೇಲೆ ಬೇಸಾಯ ಉಳಿಯಿತು. ಬ್ರೆಜಿಲ್‌ನಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಅದೇ ವೈರಸ್ಸಿನ ಸಾಧು ಬಗೆಯೊಂದನ್ನು ಬೇಕೆಂದೇ ಸಸಿಗಳಿಗೆ ಹತ್ತಿಸಿದರು. ಅದು ಗಿಡದಲ್ಲಿ ಮೊದಲೇ ಇದ್ದರೆ ಉಗ್ರ ಬಗೆ ಬಂದರೂ ನೆಲೆಯೂರುವುದು ಕಷ್ಟ. ಪೆರಾ ಎಂಬ ಕಿತ್ತಳೆ ತಳಿಯನ್ನು ಹೀಗೆ ದೊಡ್ಡ ಪ್ರಮಾಣದಲ್ಲಿ ಬೆಳೆಸಿದರು.

ಗ್ರೀನಿಂಗ್ ರೋಗದ್ದು ಇದಕ್ಕಿಂತ ಕಷ್ಟದ ಕಥೆ. ಬಹಳ ಕಾಲ ಇದನ್ನೂ ವೈರಸ್ ಎಂದೇ ತಿಳಿದಿದ್ದರು. ನಿಜವಾಗಿ ಇದು ಗಿಡದ ಆಹಾರ ಸಾಗುವ ನಾಳಗಳಲ್ಲಿ ಬದುಕುವ ಬ್ಯಾಕ್ಟೀರಿಯಾ. ಸಿಲ್ಲಾ ಎಂಬ, ಎಳ್ಳಿನಷ್ಟು ಪುಟ್ಟ ಕೀಟ ಇದನ್ನು ಹರಡುತ್ತದೆ. ಮರಿಯಾಗಿದ್ದಾಗಲೇ ಬ್ಯಾಕ್ಟೀರಿಯಾ ಹೊಕ್ಕರೆ ಆ ಸಿಲ್ಲಾ ಸಾಯುವವರೆಗೂ ರೋಗ ಹಂಚುತ್ತದೆ. ಮರಕ್ಕೆ ರೋಗ ಹೊಕ್ಕು ಲಕ್ಷಣ ಕಾಣಲು ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಬೇಕು. ಅಷ್ಟೂ ಕಾಲ ಮರ ಚೆನ್ನಾಗಿ ಕಾಣುತ್ತಾ ಒಳಗೊಳಗೇ ರೋಗ ಹಂಚುತ್ತಿರುತ್ತದೆ. ಈ ರೋಗ ಹತೋಟಿಗೆ ಸಿಗದೆ ಹೋಗುವುದು ಬಹುಮಟ್ಟಿಗೆ ಇದರಿಂದಲೇ.

ಅಮೆರಿಕದ ಫ್ಲೋರಿಡಾದಲ್ಲಿ ಸಿಲ್ಲಾ ಕಂಡದ್ದು 1998ರಲ್ಲಿ, ರೋಗ ಪತ್ತೆಯಾದದ್ದು 2005ರಲ್ಲಿ. ಆ ಏಳು ವರ್ಷದಲ್ಲಿ ಕೀಟ ಎಲ್ಲ ಕಡೆ ಹರಡಿಯಾಗಿತ್ತು. ಅಲಂಕಾರಕ್ಕೆ ಬೆಳೆಸುವ ಕಾಮಿನಿ ಗಿಡದ ಮೇಲೆ ಸಿಲ್ಲಾ ಚೆನ್ನಾಗಿ ಬೆಳೆಯುತ್ತದೆ. ಕುಂಡದ ಗಿಡಗಳ ಮಾರಾಟದ ಜೊತೆಗೇ ಅದು ಊರೂರು ಸೇರಿತು. 2003-04ರ ಹಂಗಾಮಿನಲ್ಲಿ ಫ್ಲೋರಿಡಾ ಸುಮಾರು 24 ಕೋಟಿ ಪೆಟ್ಟಿಗೆ ಕಿತ್ತಳೆ ಬೆಳೆದಿತ್ತು. 2023-24ರಲ್ಲಿ 2 ಕೋಟಿಯನ್ನೂ ಮುಟ್ಟಲಿಲ್ಲ. ಬಿರುಗಾಳಿಗಳೂ ಹೊಡೆತ ಕೊಟ್ಟವು, ಅದು ನಿಜ. ಆದರೆ ಮುಖ್ಯ ಕಾರಣ ಈ ರೋಗ. ದುಡ್ಡು, ವಿಜ್ಞಾನ, ಯಂತ್ರ ಎಲ್ಲ ಇದ್ದ ಕಡೆಯೇ ಹೀಗಾಯಿತು ಎನ್ನುವುದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಅಲ್ಲಿ ಬಹಳ ಬೆಳೆಗಾರರು ಒಂದು ಹಂತದಲ್ಲಿ ರೋಗದ ಮರ ಕಡಿಯುವುದನ್ನು ನಿಲ್ಲಿಸಿ, ಪೋಷಕಾಂಶ ಸಿಂಪಡಿಸಿ ಮರ ಉಳಿಸಿಕೊಳ್ಳಲು ನೋಡಿದರು. ಎಲೆ ಹಸಿರಾಯಿತು, ರೋಗ ಒಳಗೇ ಉಳಿಯಿತು, ಪಕ್ಕದ ತೋಟಕ್ಕೂ ಹೋಯಿತು. ಪಾಳು ಬಿಟ್ಟ ತೋಟಗಳು ಸಿಲ್ಲಾಗಳ ತವರಾದವು.

ಗ್ರೀನಿಂಗ್ ಬಂದ ಮರದ ಎಲೆ ಹಳದಿಯಾಗುವುದರಿಂದ, ರೋಗ ಗುರುತಿಸುವಾಗ ಸತುವಿನ ಕೊರತೆಯ ಜೊತೆ ಗೊಂದಲ ಆಗುತ್ತದೆ. ಒಂದು ಸುಲಭದ ಪರೀಕ್ಷೆ ಇದೆ. ಎಲೆಯ ನಡುನರದ ಎರಡೂ ಬದಿ ಹೋಲಿಸಿ. ಪೋಷಕಾಂಶದ ಕೊರತೆಯಾದರೆ ಹಳದಿ ಎರಡೂ ಕಡೆ ಒಂದೇ ರೀತಿ ಇರುತ್ತದೆ. ಗ್ರೀನಿಂಗ್‌ನಲ್ಲಿ ಎಡಕ್ಕೊಂದು ಬಲಕ್ಕೊಂದು, ಹೊಂದಿಕೆಯೇ ಇರುವುದಿಲ್ಲ. ಅನುಮಾನ ಬಂದರೆ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ.

ಇನ್ನು ಸಿಲ್ಲಾ ಹತೋಟಿ. ಈ ಕೀಟ ಎಳೆ ಚಿಗುರಿನ ಮೇಲೆ ಮಾತ್ರ ಮೊಟ್ಟೆ ಇಡುತ್ತದೆ. ಬಲಿತ ಎಲೆಯಲ್ಲಿ ಅದರ ಮರಿ ಬದುಕುವುದಿಲ್ಲ. ಹಾಗಾಗಿ ಚಿಗುರು ಒಡೆಯುವ ಮುಂಚೆ, ಬೆಳೆದ ಸಿಲ್ಲಾಗಳನ್ನು ಗುರಿಯಾಗಿಟ್ಟು ಹೊಡೆದ ಒಂದು ಸಿಂಪರಣೆ, ಚಿಗುರು ಬಂದ ಮೇಲೆ ಹೊಡೆಯುವ ನಾಲ್ಕಕ್ಕಿಂತ ಮೇಲು. ತೋಟದ ಅಂಚಿನ ಸಾಲುಗಳಲ್ಲಿ ಸಿಲ್ಲಾ ಹೆಚ್ಚು ಸೇರುತ್ತದೆ, ಅಲ್ಲಿ ಹೆಚ್ಚು ಗಮನ ಕೊಡಿ. ಒಂದೇ ಗುಂಪಿನ ಔಷಧಿಯನ್ನು ಪದೇ ಪದೇ ಬಳಸಿದರೆ ಕೀಟ ಅದಕ್ಕೆ ಒಗ್ಗಿಕೊಳ್ಳುತ್ತದೆ. ಮತ್ತೆ, ಸಿಲ್ಲಾ ಕರಿಬೇವಿನ ಮೇಲೂ ಬೆಳೆಯುತ್ತದೆ. ಕರಿಬೇವಿಗೆ ರೋಗ ಬರುವುದಿಲ್ಲ, ಆದರೆ ಕೀಟಕ್ಕೆ ಅಲ್ಲಿ ಆಶ್ರಯ ಸಿಗುತ್ತದೆ.

ಸಿಲ್ಲಾ ಮರಿಗಳ ಮೇಲೆ ಮೊಟ್ಟೆ ಇಟ್ಟು ಅವನ್ನು ಕೊಲ್ಲುವ ಪುಟ್ಟ ಕಣಜವೊಂದಿದೆ, ಹೆಸರು ಟ್ಯಾಮರಿಕ್ಸಿಯಾ. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ 1970ರ ದಶಕದಲ್ಲಿ ಇದನ್ನು ತಂದು ಬಿಟ್ಟರು. ಜೊತೆಗೆ ಆರೋಗ್ಯದ ಸಸಿಗಳನ್ನೂ ಕೊಟ್ಟರು. ಅಲ್ಲಿ ಅದ್ಭುತವಾಗಿ ಕೆಲಸ ಮಾಡಿತು. ಅದೇ ಕಣಜವನ್ನು ಫ್ಲೋರಿಡಾದಲ್ಲಿ ಬಿಟ್ಟಾಗ ನೆಲೆಯೂರಿತು, ಆದರೆ ರೋಗ ತಡೆಯುವಷ್ಟು ಸಿಲ್ಲಾಗಳನ್ನು ಕೊಲ್ಲಲಿಲ್ಲ. ಮಿತ್ರಕೀಟಗಳು ಬೇಕೇ ಬೇಕು, ಆದರೆ ಅವುಗಳ ಮೇಲೇ ಎಲ್ಲ ಭಾರ ಹಾಕಿ ಕೂರುವಂತಿಲ್ಲ.

ಅನಾನಸ್ ಮತ್ತು ಇರುವೆ

ಅನಾನಸ್ಸಿನ ಸೊರಗು ರೋಗದಲ್ಲಿ ಎಲೆಗಳ ತುದಿ ಕೆಂಪಗಾಗಿ, ಕೆಳಕ್ಕೆ ಬಾಗಿ, ಗಿಡ ಸೊರಗುತ್ತದೆ. ವೈರಸ್ ಮತ್ತು ಹಿಟ್ಟು ತಿಗಣೆ (ಬಿಳಿ ಹಿಟ್ಟು ಮೆತ್ತಿದಂತೆ ಕಾಣುವ, ರಸ ಹೀರುವ ಕೀಟ) ಎರಡೂ ಸೇರಿದರೆ ಮಾತ್ರ ರೋಗ ಬರುತ್ತದೆ. ವೈರಸ್ ಇದ್ದು ತಿಗಣೆ ಇಲ್ಲದಿದ್ದರೆ ಗಿಡ ಸೊರಗುವುದಿಲ್ಲ. ತಿಗಣೆ ಇದ್ದು ವೈರಸ್ ಇಲ್ಲದಿದ್ದರೂ ಇಲ್ಲ.

ಈ ತಿಗಣೆಯನ್ನು ಸಾಕುವುದು ಇರುವೆ. ತಿಗಣೆ ಹೊರಹಾಕುವ ಸಿಹಿರಸಕ್ಕಾಗಿ ಇರುವೆ ಅದನ್ನು ಕಾಯುತ್ತದೆ, ಅದನ್ನು ತಿನ್ನಲು ಬರುವ ಗುಲಗಂಜಿ ಹುಳುಗಳನ್ನು ಓಡಿಸುತ್ತದೆ. ಹವಾಯಿಯ ಅನಾನಸ್ ತೋಟಗಳಲ್ಲಿ ಇದನ್ನು ಗಮನಿಸಿ, ತಿಗಣೆಯ ಬದಲು ಇರುವೆಗೆ ವಿಷದ ತಿನಿಸು ಇಟ್ಟರು. ಇರುವೆ ಹೋದ ಮೇಲೆ ಮಿತ್ರಕೀಟಗಳು ಬಂದು ತಿಗಣೆಯನ್ನು ತಿಂದುಹಾಕಿದವು. ಎಷ್ಟು ಚೆಂದದ ದಾರಿ ನೋಡಿ. ಮೇಣದ ಪುಡಿ ಹೊದ್ದು ಎಲೆಬುಡದಲ್ಲಿ ಅಡಗಿ ಕೂರುವ ತಿಗಣೆಗೆ ಔಷಧಿ ತಾಗಿಸುವುದೇ ಕಷ್ಟ. ಇರುವೆ ತಾನಾಗಿಯೇ ಬಂದು ತಿನಿಸು ಹೊತ್ತೊಯ್ಯುತ್ತದೆ. ಬಾಳೆಯ ಹೇನಿನ ಹತ್ತಿರವೂ ಇರುವೆ ಇರುತ್ತದೆ. ಇರುವೆ ಸಾಲು ಕಂಡರೆ ಅದರ ಹಿಂದೆ ಹೋಗಿ ನೋಡಿ, ಅದು ನಿಮ್ಮನ್ನು ಕೀಟದ ಹತ್ತಿರಕ್ಕೇ ಕರೆದುಕೊಂಡು ಹೋಗುತ್ತದೆ.

ಸಸಿಯ ಜೊತೆ ಬರುವ ರೋಗ

ಕೀಟಗಳ ಬಗ್ಗೆ ಇಷ್ಟು ಹೇಳಿದೆ. ಆದರೆ ಹೇನು ಹಾರುವುದು ಹೆಚ್ಚಾಗಿ ಮೀಟರುಗಳ ಲೆಕ್ಕದಲ್ಲಿ. ಸಮುದ್ರ ದಾಟಿ, ನೂರಾರು ಮೈಲಿ ದಾಟಿ ರೋಗ ಹೋಗುವುದು ಮನುಷ್ಯರ ಕೈಯಲ್ಲಿ, ಕಂದು, ಕಸಿಕಡ್ಡಿ, ಸಸಿಯ ರೂಪದಲ್ಲಿ. ಆಸ್ಟ್ರೇಲಿಯಾಕ್ಕೆ ಬಂಚಿ ಟಾಪ್ ಹೋದದ್ದು ಹಾಗೆಯೇ.

"ಟಿಶ್ಯೂ ಕಲ್ಚರ್ (ಗಿಡದ ಚೂರಿನಿಂದ ಪ್ರಯೋಗಾಲಯದಲ್ಲಿ ಬೆಳೆಸಿದ) ಸಸಿ ತಂದಿದ್ದೇವೆ, ಅದರಲ್ಲಿ ವೈರಸ್ ಇರುವುದಿಲ್ಲ" ಎನ್ನುವ ಮಾತು ಬಹಳ ಕೇಳುತ್ತೇನೆ. ಇದು ಪೂರ್ತಿ ನಿಜವಲ್ಲ. ಟಿಶ್ಯೂ ಕಲ್ಚರ್‌ನಿಂದ ಶಿಲೀಂಧ್ರ, ಬೇರಿನ ಜಂತುಹುಳು ಹೋಗುತ್ತವೆ. ವೈರಸ್ ತಾನಾಗಿ ಹೋಗುವುದಿಲ್ಲ. ತಾಯಿಗಿಡದಲ್ಲಿ ವೈರಸ್ ಇದ್ದರೆ ಅದರಿಂದ ಬಂದ ಸಾವಿರಾರು ಸಸಿಗಳಲ್ಲೂ ಇರಬಹುದು. ಬಾಳೆಯಲ್ಲಿ ಇನ್ನೂ ಒಂದು ತೊಡಕು. ಬಾಳೆಯ ಗೆರೆ ರೋಗದ ವೈರಸ್ಸಿನ ತುಣುಕುಗಳು ಕೆಲವು ತಳಿಗಳ ವರ್ಣತಂತುವಿನಲ್ಲೇ ಸೇರಿಹೋಗಿವೆ. ಟಿಶ್ಯೂ ಕಲ್ಚರ್‌ನ ಒತ್ತಡದಲ್ಲೇ ಅವು ಎಚ್ಚರಗೊಂಡು ರೋಗ ಬರಿಸಬಹುದು. ಆದ್ದರಿಂದ ಸಸಿ ಕೊಳ್ಳುವಾಗ ಕೇಳಬೇಕಾದ್ದು ತಾಯಿಗಿಡವನ್ನು ಯಾವ ಯಾವ ವೈರಸ್ಸಿಗೆ ಪರೀಕ್ಷೆ ಮಾಡಿಸಿದ್ದೀರಿ, ವರದಿ ತೋರಿಸಿ ಎಂದು. ತೋರಿಸದಿದ್ದರೆ ಬೇರೆ ಕಡೆ ಹೋಗಿ.

ಕಿತ್ತಳೆ ಜಾತಿಯಲ್ಲಿ ವೈರಸ್ ಇಲ್ಲದ ತಾಯಿಗಿಡ ಮಾಡಲು ಒಂದು ಸೂಕ್ಷ್ಮ ವಿಧಾನ ಇದೆ. ಚಿಗುರಿನ ತುತ್ತತುದಿಯಲ್ಲಿ ವೈರಸ್ ಇನ್ನೂ ತಲುಪಿರುವುದಿಲ್ಲ. ಮಿಲಿಮೀಟರಿನ ಹತ್ತನೇ ಒಂದೆರಡು ಪಾಲಿನಷ್ಟು ತುದಿ ಮಾತ್ರ ಕತ್ತರಿಸಿ, ಗಾಜಿನ ನಳಿಗೆಯಲ್ಲಿ ಬೆಳೆಸಿದ ಪುಟ್ಟ ಸಸಿಗೆ ಕಸಿ ಮಾಡುತ್ತಾರೆ. 1970ರ ದಶಕದಲ್ಲಿ ಇದನ್ನು ರೂಪಿಸಿದರು. ಸ್ಪೇನ್ ದೇಶ ಟ್ರಿಸ್ಟೆಜಾದಿಂದ ಕಂಗೆಟ್ಟಾಗ ತನ್ನ ತೋಟಗಳನ್ನು ಮತ್ತೆ ಕಟ್ಟಿಕೊಂಡದ್ದು ಇದರ ಬಲದಿಂದ. ಆದರೆ ಅಂಥ ಶುದ್ಧ ಗಿಡವನ್ನು ಬಯಲಲ್ಲಿ ಇಟ್ಟರೆ ಕೀಟ ಬಂದು ಮತ್ತೆ ರೋಗ ಹತ್ತಿಸುತ್ತದೆ. ತಾಯಿಗಿಡ ಬಲೆಯೊಳಗೇ ಇರಬೇಕು.

ಕೊನೆಯಲ್ಲಿ ಸಭೆಯಲ್ಲಿದ್ದವರು ಕೇಳಿದ ಕೆಲವು ಪ್ರಶ್ನೆಗಳು

ಉಂಗುರ ಚುಕ್ಕೆ ಬಂದ ಪರಂಗಿ ಹಣ್ಣು ತಿನ್ನಬಹುದೇ ಎಂದು ಒಬ್ಬ ತಾಯಿ ಕೇಳಿದರು. ತಿನ್ನಬಹುದು. ಗಿಡದ ವೈರಸ್ ಮನುಷ್ಯರಿಗೆ ರೋಗ ತರುವುದಿಲ್ಲ. ಸಿಹಿ ಸ್ವಲ್ಪ ಕಡಿಮೆ ಇರಬಹುದು, ಅಷ್ಟೇ.

ಕತ್ತಿಯಿಂದ ಬಂಚಿ ಟಾಪ್ ಹರಡುತ್ತದೆಯೇ? ಇಲ್ಲ. ಕತ್ತಿಯಿಂದಲೂ ಇಲ್ಲ, ಮಣ್ಣಿನಿಂದಲೂ ಇಲ್ಲ. ಹೇನು ಮತ್ತು ಕಂದು, ಈ ಎರಡೇ ದಾರಿ. ಬೇರೆ ರೋಗಗಳಿಗಾಗಿ ಕತ್ತಿ ಶುದ್ಧ ಮಾಡುವುದು ಒಳ್ಳೆಯದೇ, ಆದರೆ ಈ ರೋಗಕ್ಕೆ ಆ ಶ್ರಮವನ್ನು ಗಿಡ ಹುಡುಕುವುದಕ್ಕೆ ಹಾಕಿ.

ಗ್ರೀನಿಂಗ್ ಬ್ಯಾಕ್ಟೀರಿಯಾ ಅಂದಿರಲ್ಲ, ಆಂಟಿಬಯಾಟಿಕ್ ಕೊಡಬಹುದಲ್ಲವೇ ಎಂದು ಒಬ್ಬ ವಿದ್ಯಾರ್ಥಿ ಕೇಳಿದರು. ಒಳ್ಳೆಯ ಪ್ರಶ್ನೆ. ಫ್ಲೋರಿಡಾದಲ್ಲಿ 2022ರಿಂದ ಆಕ್ಸಿಟೆಟ್ರಾಸೈಕ್ಲಿನ್ ಅನ್ನು ಕಾಂಡಕ್ಕೆ ಚುಚ್ಚುವುದಕ್ಕೆ ಒಪ್ಪಿಗೆ ಇದೆ. ಮರ ಸ್ವಲ್ಪ ಚೇತರಿಸಿಕೊಳ್ಳುತ್ತದೆ, ಆದರೆ ರೋಗ ಹೋಗುವುದಿಲ್ಲ, ಮತ್ತೆ ಮತ್ತೆ ಚುಚ್ಚಬೇಕು. ಎಲ್ಲ ಕೈಬಿಟ್ಟು ಹೋದ ಮೇಲೆ ಮಾಡುವ ಕೆಲಸ ಅದು. ಮನುಷ್ಯರಿಗೆ ಬೇಕಾದ ಔಷಧಿಯನ್ನು ತೋಟಕ್ಕೆ ಸುರಿಯುವುದು ನನಗೆ ಇಷ್ಟವಿಲ್ಲ. ರೋಗ ಇನ್ನೂ ಕಡಿಮೆ ಇರುವ ಕಡೆ ಮರ ತೆಗೆಯುವುದೇ ಸರಿ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನಿಂದ ಬಂತು. "ಪರಂಗಿ ಗಿಡಕ್ಕೆ ರೋಗ ಬಂದಿದೆ, ಕಾಯಿಯೂ ಇದೆ. ಕೀಳಲೋ ಬೇಡವೋ?" ಇದಕ್ಕೆ ಉತ್ತರ ಎಷ್ಟು ಗಿಡಕ್ಕೆ ಬಂದಿದೆ ಎನ್ನುವುದರ ಮೇಲೆ ನಿಂತಿದೆ. ತೋಟ ಎಳೆಯದಿದ್ದು, ಅಲ್ಲೊಂದು ಇಲ್ಲೊಂದು ಗಿಡಕ್ಕೆ ಬಂದಿದ್ದರೆ ಇವತ್ತೇ ಕಿತ್ತುಹಾಕಿ, ಕಾಯಿ ನೋಡಬೇಡಿ. ಅರ್ಧ ತೋಟಕ್ಕೆ ಹರಡಿದ್ದರೆ ಒಂದೊಂದೇ ಕೀಳುವುದರಿಂದ ಈಗ ಪ್ರಯೋಜನವಿಲ್ಲ. ಆಗ ಸಿಗುವ ಕಾಯಿ ಕೊಯ್ದುಕೊಳ್ಳಿ. ಅಕ್ಕಪಕ್ಕದವರ ಜೊತೆ ಕೂತು ಒಂದು ದಿನ ಗೊತ್ತುಮಾಡಿ. ಆ ದಿನದ ಹೊತ್ತಿಗೆ ಎಲ್ಲರೂ ಹಳೆಯ ಪರಂಗಿಯನ್ನು ಪೂರ್ತಿ ತೆಗೆದು, ಕೆಲವು ತಿಂಗಳು ಆ ಸುತ್ತಿನಲ್ಲಿ ಒಂದೂ ಪರಂಗಿ ಗಿಡ ಇಲ್ಲದ ಹಾಗೆ ನೋಡಿಕೊಂಡು, ಆಮೇಲೆ ಎಲ್ಲರೂ ಒಟ್ಟಿಗೆ ಬಲೆಯೊಳಗಿನ ಸಸಿ ನೆಡಿ. ಒಬ್ಬರು ಉಳಿಸಿಕೊಂಡ ನಾಲ್ಕು ಗಿಡ ಸಾಕು, ಉಳಿದವರ ಶ್ರಮವೆಲ್ಲ ಹೋಗುತ್ತದೆ. ಆದ್ದರಿಂದ ಹಿತ್ತಲಲ್ಲಿ ಒಂದೇ ಗಿಡ ಇಟ್ಟುಕೊಂಡವರನ್ನೂ ಆ ಮಾತುಕತೆಗೆ ಕರೆಯಿರಿ.